ಪಕ್ಕದವನ ಕೈ ಮೇಲೆ ಕಣ್ಣು

ಡಿಜೆ ಅಂದ ತಕ್ಷಣ ಕಣ್ಣೆದುರು ಬರೋದು ಹೆಡ್‌ಫೋನ್ ಸಿಕ್ಕಿಸಿಕೊಂಡ ಒಬ್ಬನೇ ಒಬ್ಬ, ಅಲ್ವಾ? ನನಗೆ ಇಷ್ಟ ಗುಂಪು. 1992ರಲ್ಲಿ ಡಿಎಂಸಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದವರು ಮೂವರು: ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಕ್ಯೂಬರ್ಟ್, ಮಿಕ್ಸ್ ಮಾಸ್ಟರ್ ಮೈಕ್ ಮತ್ತು ಅಪೊಲೊ. ಮುಂದೆ ‘ಇನ್ವಿಸಿಬಲ್ ಸ್ಕ್ರಾಚ್ ಪಿಕಲ್ಸ್’ ಅಂತ ಹೆಸರಾದದ್ದು ಇವರ ತಂಡವೇ.

ಇಂಥ ತಂಡಗಳು ಹಾಡು ಹಾಕೋದಿಲ್ಲ, ಕಟ್ಟುತ್ತವೆ. ಒಬ್ಬ ಹಳೇ ರೆಕಾರ್ಡಿನಿಂದ ಡ್ರಮ್ಮಿನ ಒಂದೆರಡು ಏಟು ಹೆಕ್ಕಿ, ತಟ್ಟೆಯನ್ನು ಹಿಂದೆ ಮುಂದೆ ತಳ್ಳುತ್ತಾ ತಾಳ ಹಿಡಿಯುತ್ತಾನೆ. ಇನ್ನೊಬ್ಬ ಬೇರೆ ರೆಕಾರ್ಡಿನ ಒಂದೇ ಸ್ವರ ಹಿಡಿದು, ತಟ್ಟೆಯ ವೇಗ ಹೆಚ್ಚು ಕಡಿಮೆ ಮಾಡುತ್ತಾ ಅದನ್ನು ಏರಿಸಿ ಇಳಿಸಿ ಬೇಸ್ ನುಡಿಸುತ್ತಾನೆ. ಮೂರನೆಯವನ ಸ್ಕ್ರಾಚು ಇವೆರಡರ ಮೇಲೆ ಮಾತಾಡುತ್ತೆ. ಒಂದು ಕೈ ತಟ್ಟೆ ಮೇಲೆ, ಇನ್ನೊಂದು ದನಿ ಕತ್ತರಿಸುವ ಕ್ರಾಸ್‌ಫೇಡರ್ ಮೇಲೆ. ಬಿಡಿಬಿಡಿಯಾಗಿ ಕೇಳಿದರೆ ಬರೀ ಕಿರಿಕಿರಿ. ಸೇರಿದರೆ ಬ್ಯಾಂಡ್.

ತಾಳ ಹಿಡಿದವನಿಗೆ ಚಮತ್ಕಾರ ತೋರಿಸೋ ಅವಕಾಶವೇ ಇಲ್ಲ. ಕೈ ಜಾರಿದಾಗಷ್ಟೇ ಅವನು ಇದ್ದಾನೆ ಅಂತ ಗೊತ್ತಾಗೋದು! ಸ್ವಲ್ಪ ಹೊತ್ತಿಗೆ ಪಾತ್ರ ಅದಲುಬದಲು.

ಗ್ರಾಮಫೋನ್ ಬಂದಮೇಲೆ ಹಾಡು ಕೇಳೋಕೆ ಹಾಡುಗಾರ ಎದುರಿಗಿರಬೇಕು ಅಂತೇನಿಲ್ಲ. ಆದರೆ ಅದೇ ತಟ್ಟೆ ಹಿಡಿದು ಈ ಹುಡುಗರು ಮತ್ತೆ ಒಬ್ಬರಿಗೊಬ್ಬರು ಬೇಕಾದರು ನೋಡಿ.

ನಮ್ಮ ಟೀಮಿನ ಆರು ಜನ ದಿನಾ ಸೇರೋದು ಪರದೆಯ ಆರು ಚೌಕದಲ್ಲಿ. ಐದು ಮ್ಯೂಟು. ಯಾರು ಕೇಳಿಸಿಕೊಳ್ತಿದ್ದಾರೆ, ಯಾರು ಎದ್ದು ಹೋಗಿದ್ದಾರೆ, ದೇವರಿಗೇ ಗೊತ್ತು. ಅಂಥ ದಿನ ಸಂಜೆ ನಾನು ಈ ತಂಡಗಳ ವಿಡಿಯೊ ಹಾಕಿಕೊಳ್ತೀನಿ. ಅಲ್ಲೂ ಮ್ಯೂಟ್ ಇದೆ. ಆದರೆ ಕ್ರಾಸ್‌ಫೇಡರ್ ಮುಚ್ಚಿ ಸುಮ್ಮನೆ ನಿಂತವನ ತಲೆ ತಾಳಕ್ಕೆ ಆಡ್ತಾನೇ ಇರುತ್ತೆ, ಕಣ್ಣು ಪಕ್ಕದವನ ಕೈ ಮೇಲೆ.