ಬೆಂಗಳೂರಿನ 16 ಲಕ್ಷ, ಬೆಳಗಾವಿಯ 9 ಲಕ್ಷ

ಕೇಂದ್ರ ಸರ್ಕಾರದವರಿಗೆ ಈ ಲೆಕ್ಕ ಭಾಳ ಸುಲಭ ನೋಡ್ರಿ. ದೇಶದ ಊರುಗಳನ್ನೆಲ್ಲ ಎಕ್ಸ್, ವೈ, ಝಡ್ ಅಂತ ಮೂರು ಪಂಗಡ ಮಾಡಿಟ್ಟಿದ್ದಾರೆ. ಬೆಂಗಳೂರು ಎಕ್ಸ್, ನಮ್ಮ ಬೆಳಗಾವಿ ವೈ, ನನ್ನ ತವರು ಖಾನಾಪುರ ಝಡ್. 2024ರ ಜನವರಿಯಲ್ಲಿ ತುಟ್ಟಿಭತ್ಯೆ ಶೇ. 50 ಮುಟ್ಟಿದಾಗ ಮನೆ ಬಾಡಿಗೆ ಭತ್ಯೆ ಈ ಮೂರಕ್ಕೂ ಕ್ರಮವಾಗಿ ಮೂಲ ವೇತನದ ಶೇ. 30, 20, 10 ಆಯಿತು. 50 ಸಾವಿರ ಮೂಲ ವೇತನ ಇದ್ದವರಿಗೆ ಬೆಂಗಳೂರಿಗೂ ಬೆಳಗಾವಿಗೂ ಅಂತರ ತಿಂಗಳಿಗೆ 5 ಸಾವಿರ ರೂಪಾಯಿ. ಅಷ್ಟರಲ್ಲಿ ಬಾಡಿಗೆಯ ಅಂತರ ತುಂಬುತ್ತದೆ ಅಂದುಕೊಂಡ ಪುಣ್ಯಾತ್ಮರಿಗೆ ನನ್ನದೊಂದು ನಮಸ್ಕಾರ :-)

ಖಾಸಗಿಯವರಿಗೆ ಅಂಥ ಪಟ್ಟಿಯೂ ಇಲ್ಲ. ನಾನು ಇಲ್ಲೇ ನೆಹರು ನಗರದ ಒಂದು ಕಚೇರಿಯಲ್ಲಿ ಲೆಕ್ಕಪತ್ರ ಬರೆಯುವಾಕಿ, ಕೆಎಲ್‌ಇ ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರ. ತಮ್ಮ ಬೆಂಗಳೂರಿನ ಮಾರತ್ತಹಳ್ಳಿಯಲ್ಲಿದ್ದಾನೆ. ಈಗ ಬೆಳಗಾವಿಯ ಒಂದು ಕಂಪನಿ ಅವನನ್ನು ಕರೆದಿದೆ. ಅಪ್ಪ ಹೋದ ಮೇಲೆ ಖಾನಾಪುರದಲ್ಲಿ ಅವ್ವ ಒಬ್ಬಳೇ. ನನ್ನ ಜೊತೆ ಬಂದಿರು ಅಂದರೆ "ಮಗಳ ಮನ್ಯಾಗ ಎಷ್ಟ್ ದಿನಾ ಇರ್ಲಿ" ಅಂತಾಳೆ. "ಅಕ್ಕಾ, ಲೆಕ್ಕಾ ಮಾಡಿ ಹೇಳು, ಬರ್ಲೋ ಬ್ಯಾಡೋ" ಅಂದ ತಮ್ಮ.

ಮಾಡಿದೆ. ಅಲ್ಲಿ ವರ್ಷಕ್ಕೆ 16 ಲಕ್ಷ, ಇಲ್ಲಿ 9 ಲಕ್ಷ. ಕೇಳಿದರೆ ಎದೆ ಒಡೆಯುತ್ತದೆ. ಆದರೆ 2025-26ರಿಂದ ಹೊಸ ಪದ್ಧತಿಯಲ್ಲಿ ಪಗಾರದವರಿಗೆ 12.75 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ. 9 ಲಕ್ಷಕ್ಕೆ ಸೊನ್ನೆ, 16 ಲಕ್ಷಕ್ಕೆ ಸೆಸ್ ಸೇರಿ 1,13,100. ಈ ಪದ್ಧತಿಯಲ್ಲಿ ಎಷ್ಟು ಬಾಡಿಗೆ ಕಟ್ಟುತ್ತೀ ಅಂತ ಯಾರೂ ಕೇಳೋದಿಲ್ಲ, ಅದಕ್ಕೆ ವಿನಾಯಿತಿಯೂ ಇಲ್ಲ. ತೆರಿಗೆ, ಪಿಎಫ್ ಎಲ್ಲ ಕಳೆದು ಕೈಗೆ ಸಿಗೋದು ಅಲ್ಲಿ 1,12,000, ಇಲ್ಲಿ 69,000. ಅಂತರ 43 ಸಾವಿರ.

ಇನ್ನು ಖರ್ಚು. ಅವನ ಮನೆ ಬಾಡಿಗೆ ಮೆಂಟೆನೆನ್ಸ್ ಸೇರಿ 36 ಸಾವಿರ, ನಾವಿರುವ ಓಣಿಯಲ್ಲಿ ಅಂಥದ್ದೇ ಮನೆ 12. ಮಗುವಿನ ಡೇಕೇರ್ ಅಲ್ಲಿ 14, ಇಲ್ಲಿ 5. ಆಫೀಸಿಗೆ ಹೋಗಿಬರಲು ಅಲ್ಲಿ 7, ಇಲ್ಲಿ ಸ್ಕೂಟರಿಗೆ ಒಂದೂವರೆ. ಕೂಡಿಸಿದರೆ ಉಳಿತಾಯ 38,500. ಊರಿಗೆ ಬರುವ ರೈಲು, ಬಸ್ಸಿನ ಖರ್ಚು ಸೇರಿಸಿದರೆ ಹೆಚ್ಚೂಕಡಿಮೆ ಸಮ ಆಯಿತಲ್ಲ! ಅವ್ವನಿಗೆ ಹೇಳಿಯೇ ಬಿಡೋಣ ಅನ್ನಿಸಿತು.

ಆದರೆ ಗಮನಿಸಿ, ಅಗ್ಗ ಆಗಿದ್ದು ಬಾಡಿಗೆ, ಡೇಕೇರ್, ಓಡಾಟ ಇಷ್ಟೇ. ಅಂದರೆ ಜಾಗ ಮತ್ತು ಇನ್ನೊಬ್ಬರ ದುಡಿಮೆ. ಪೊಟ್ಟಣದ ಮೇಲೆ ದರ ಅಚ್ಚಾದ ಸಾಮಾನೆಲ್ಲ ಎರಡೂ ಊರಲ್ಲಿ ಒಂದೇ. ಮೊಬೈಲ್ ರೀಚಾರ್ಜಿಗೆ, ಕಾರಿನ ಕಂತಿಗೆ, ಬಂಗಾರಕ್ಕೆ ಬೆಳಗಾವಿ ರಿಯಾಯಿತಿ ಅಂತ ಯಾರೂ ಕೊಡೋದಿಲ್ಲ. ನಾಳೆ ಮಗನನ್ನು ಇಂಜಿನಿಯರಿಂಗ್ ಓದಿಸಬೇಕೆಂದರೆ ಸೀಟಿನ ಫೀಯೂ ಅಪ್ಪನ ಊರು ನೋಡೋದಿಲ್ಲ. ಪಗಾರ ವರ್ಷಕ್ಕೆ ಶೇ. 8 ಏರಿದರೆ 16 ಲಕ್ಷಕ್ಕೆ 1,28,000, 9 ಲಕ್ಷಕ್ಕೆ 72,000. ಅಲ್ಲಿ ಬಾಡಿಗೆಯೂ ಏರುತ್ತದೆ, ಒಪ್ಪುತ್ತೇನೆ.

ನಿಜವಾದ ತೊಡಕು ಬೇರೆ ಇದೆ. ನಾನು ಇಷ್ಟೊತ್ತು ಬರೆದದ್ದು ಒಂದೇ ಪಗಾರದ ಲೆಕ್ಕ, ಅವನು ಕೇಳಿದ್ದೂ ಅಷ್ಟೇ. ಅವನ ಹೆಂಡತಿಯೂ ದುಡಿಯುತ್ತಾಳೆ, ತಿಂಗಳಿಗೆ 62 ಸಾವಿರ ಕೈಗೆ ಬರುತ್ತದೆ. ಅವಳ ಕೆಲಸಕ್ಕೆ ಇಲ್ಲಿ ವಿಚಾರಿಸಿದೆ. ಎರಡು ಕಡೆ ಸಿಕ್ಕ ಉತ್ತರ 25 ಮತ್ತು 28 ಸಾವಿರ. ತಿಂಗಳಿಗೆ ಕನಿಷ್ಠ 34 ಸಾವಿರ ಅಲ್ಲೇ ಹೋಯಿತು. "ಆಕಿದೇನ್ ಬಿಡು, ಹ್ಯಾಂಗೋ ಆಗ್ತದ" ಅಂದ ತಮ್ಮ. ನನಗೆ ಸಿಟ್ಟು ಬಂತು. ಎಂಟು ವರ್ಷ ರಾತ್ರಿ ಕಾಲ್‌ಗಳಲ್ಲಿ ಕೂತು ಆಕೆ ಗಳಿಸಿದ ಜಾಗ ಅದು. ನಾನೂ ಲಗ್ನ ಆದ ಮೇಲೆ ಊರು ಬದಲಿಸಿ ಮತ್ತೆ ಕೆಳಗಿನ ಮೆಟ್ಟಿಲಿಂದ ಹತ್ತಿದಾಕಿ. ಆ ವರ್ಷಗಳನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಇನ್ನೊಂದು. ಅಲ್ಲಿ ಮ್ಯಾನೇಜರ್ ಜೊತೆ ಜಟಾಪಟಿ ಆದರೆ ಅದೇ ರಿಂಗ್ ರೋಡಿನಲ್ಲಿ ಇನ್ನೊಂದು ಕಂಪನಿ ಹುಡುಕಬಹುದು. ಇಲ್ಲಿ ಫೌಂಡ್ರಿ, ಹೈಡ್ರಾಲಿಕ್ಸ್, ಆಸ್ಪತ್ರೆ, ಕಾಲೇಜು, ಬ್ಯಾಂಕು ಇವೆ. ಅವನ ಸಾಫ್ಟ್‌ವೇರ್ ಕೆಲಸಕ್ಕೆ ಬಾಗಿಲುಗಳು ಎಣಿಸುವಷ್ಟೇ. ಕೆಲಸ ಹೋದರೆ ಮತ್ತೆ ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಿಕೊಂಡು ರಾಣಿ ಚೆನ್ನಮ್ಮ ರೈಲು ಹತ್ತಬೇಕು. ವಂದೇ ಭಾರತ್ 2025ರ ಆಗಸ್ಟಿನಲ್ಲಿ ಶುರುವಾಗಿದ್ದು ಖರೆ, ಆದರೂ ಎಂಟೂವರೆ ತಾಸು.

ಹಾಗಂತ ಬರಬೇಡ ಅನ್ನಲಿಲ್ಲ ನಾನು. ಖಾನಾಪುರದ ಮಳೆಗಾಲ ಗೊತ್ತಿದ್ದವರಿಗೆ ಅವ್ವ ಒಬ್ಬಳೇ ಇರೋದು ಅಂದರೆ ಏನಂತ ಗೊತ್ತು. ಎರಡು ಪಗಾರದ ಹಾಳೆಯನ್ನು ತಮ್ಮನಿಗಲ್ಲ, ಅವನ ಹೆಂಡತಿಗೆ ಕಳಿಸಿದೆ. ಮನೆಯಿಂದಲೇ ಕೆಲಸ ಅಂತ ಬರೆದುಕೊಡುತ್ತಾರಾ ಅಂತ ತನ್ನ ಆಫೀಸಿನಲ್ಲಿ ಆಕೆ ಕೇಳಿದ್ದಾಳೆ. ಇಲ್ಲ ಅಂದರೆ ಅವ್ವನನ್ನು ಆರು ತಿಂಗಳು ಅಲ್ಲಿಗೆ ಕರೆದುಕೊಳ್ಳೋಣ ಅಂತಲೂ ಬರೆದಿದ್ದಾಳೆ. ಅವ್ವ ಮಾತ್ರ "ನನ್ನ ಎಮ್ಮಿ ಯಾರ್ ನೋಡ್ಬೇಕು?" ಅಂತ ಕೂತಿದ್ದಾಳೆ.