ದುಃಶ್ರುತಿಯೂ ಕಾದಂಬರಿಯೂ

ಪರ್ವದಿನಗಳಲ್ಲಿ ಮಂದಿರದಲ್ಲಿ ಸೇರುವ ಹಿರಿಯರು ಮನೆಯ ಮಕ್ಕಳ ವಿಷಯ ಬಂದಾಗ ತಪ್ಪದೆ ಎತ್ತುವ ಆಕ್ಷೇಪಗಳಲ್ಲಿ ಕಾದಂಬರಿಯ ಗೀಳೂ ಒಂದು. ಅದರಲ್ಲಿಯೂ ದೇವತೆಗಳು, ದೈತ್ಯರು, ಮಾಯಾವಿಗಳು, ಶಾಪಗ್ರಸ್ತ ರಾಜಕುಮಾರರು ತುಂಬಿರುವ ಪೌರಾಣಿಕ ಹಾಗೂ ಅದ್ಭುತ ಕಾದಂಬರಿಗಳೆಂದರೆ ಅವರಿಗೆ ವಿಶೇಷ ಅಸಮಾಧಾನ. ಇರುವ ಲೋಕದ ಕೆಲಸ ಮಾಡಲಾರದವರು ಇಲ್ಲದ ಲೋಕಕ್ಕೆ ಓಡಿಹೋಗುತ್ತಾರೆ ಎಂಬುದು ಅವರ ಮಾತಿನ ಸಾರ. ನಮ್ಮ ಮಂದಿರದ ಸ್ವಾಧ್ಯಾಯ ಕೊಠಡಿಗೆ ಒಂದು ಮನೆತನದವರು ಎರಡು ಪೆಟ್ಟಿಗೆ ಹಳೆಯ ಪುಸ್ತಕಗಳನ್ನು ದಾನವಾಗಿ ಕೊಟ್ಟಾಗ ಈ ಮಾತು ಕೇವಲ ಮಾತಾಗಿ ಉಳಿಯಲಿಲ್ಲ. ಯಾವುದನ್ನು ಇಡಬೇಕು, ಯಾವುದನ್ನು ರದ್ದಿಗೆ ಹಾಕಬೇಕು ಎಂದು ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಪೆಟ್ಟಿಗೆಯಲ್ಲಿ ಹೊಲಿದು ಕಟ್ಟಿದ 'ಚಂದಮಾಮ' ಸಂಚಿಕೆಗಳಿದ್ದವು. ದೇವುಡು ಅವರ 'ಮಹಾಬ್ರಾಹ್ಮಣ', 'ಮಹಾಕ್ಷತ್ರಿಯ', ಭೈರಪ್ಪನವರ 'ಪರ್ವ' ಇದ್ದವು. ಅವುಗಳ ಕೆಳಗೆ ಮುಖಪುಟ ಹರಿದ ಮಾಟ-ಮಂತ್ರದ ಕಾದಂಬರಿಗಳ ಒಂದು ರಾಶಿಯೇ ಇತ್ತು. ಎಲ್ಲವನ್ನೂ ಒಂದೇ ತೂಕದಲ್ಲಿ ತೂಗಿ ರದ್ದಿಯವನಿಗೆ ಕೊಡಬೇಕೆಂಬುದು ವಿಶ್ವಸ್ಥರಲ್ಲಿ ಒಬ್ಬರ ಅಭಿಪ್ರಾಯ. "ಇದು ದುಃಶ್ರುತಿ, ಶ್ರಾವಕರಿಗೆ ಸಲ್ಲದು" ಎಂದು ಅವರು ಶಾಸ್ತ್ರವನ್ನೇ ಮುಂದಿಟ್ಟರು. ಶಾಸ್ತ್ರದ ಮಾತು ಬಂದ ಮೇಲೆ ಶಾಸ್ತ್ರವನ್ನೇ ತೆರೆದು ನೋಡುವುದು ಉಚಿತವಲ್ಲವೆ?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ಹೇಳಿದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ದುಃಶ್ರುತಿಯ ಲಕ್ಷಣವನ್ನು ಗಮನವಿಟ್ಟು ಓದಬೇಕು. ಆರಂಭ, ಪರಿಗ್ರಹ, ದುಸ್ಸಾಹಸ, ಮಿಥ್ಯಾತ್ವ, ದ್ವೇಷ, ರಾಗ, ಮದ, ಕಾಮಗಳಿಂದ ಚಿತ್ತವನ್ನು ಕಲುಷಿತಗೊಳಿಸುವ ಗ್ರಂಥಗಳ ಶ್ರವಣವೇ ದುಃಶ್ರುತಿ. ಕಥೆ ಕಲ್ಪಿತವೋ ನಡೆದದ್ದೋ ಎಂಬ ವಿಚಾರ ಅಲ್ಲಿ ಇಲ್ಲವೇ ಇಲ್ಲ. ಓದಿದವನ ಮನಸ್ಸು ಏನಾಯಿತು ಎಂಬುದೊಂದೇ ಅಲ್ಲಿನ ಅಳತೆಗೋಲು. ಈ ಅಳತೆಯಿಂದ ನೋಡಿದರೆ ಬೆಳಗಿನ ದಿನಪತ್ರಿಕೆಯ ಕೊಲೆ ಸುಲಿಗೆಯ ವರದಿಯೂ, ಅಂಗಡಿಯ ಕಟ್ಟೆಯ ಮೇಲೆ ನಾವು ಗಂಟೆಗಟ್ಟಲೆ ಆಡುವ ರಾಜಕಥೆಯೂ ದುಃಶ್ರುತಿಯಾಗಬಹುದು. ಅದನ್ನು ಯಾರೂ ರದ್ದಿಗೆ ಹಾಕುವ ಮಾತಾಡುವುದಿಲ್ಲ!

ಅದ್ಭುತವನ್ನೇ ದೂರವಿಡಬೇಕೆಂದರೆ ನಮ್ಮ ಪುರಾಣಗಳಲ್ಲಿ ಉಳಿಯುವುದೆಷ್ಟು? ಆಕಾಶಗಾಮಿಗಳಾದ ವಿದ್ಯಾಧರರು, ವಿಮಾನಗಳು, ಜನ್ಮಾಂತರದ ಸ್ಮರಣೆಯಿಂದ ಮೂರ್ಛೆಹೋಗುವ ಶ್ರೀಮತಿ, ಕುಣಿಯುತ್ತಿರುವಂತೆಯೇ ಕಣ್ಮರೆಯಾಗುವ ನೀಲಾಂಜನೆ, ಇವೆಲ್ಲ ಪಂಪನು 941ರಲ್ಲಿ ಬರೆದ ಆದಿಪುರಾಣದಲ್ಲಿಯೇ ಇವೆ. ನಮ್ಮ ನೆರೆಯ ಸೇಡಂ ತಾಲೂಕಿನ ಮಳಖೇಡ, ಅಂದಿನ ಮಾನ್ಯಖೇಟ, ಇಂಥ ಕಥೆಗಳ ದೊಡ್ಡ ಕಮ್ಮಟವಾಗಿತ್ತು. ಪುಷ್ಪದಂತನು ಅಪಭ್ರಂಶದ ಮಹಾಪುರಾಣವನ್ನು 965ರಲ್ಲಿ ಮುಗಿಸಿದ್ದು ಅಲ್ಲಿಯೇ. ಅಷ್ಟೇ ಅಲ್ಲ, ಪ್ರಚಲಿತ ಪುರಾಣವನ್ನು ತಿರುಗಿ ಬರೆಯುವ ಇಂದಿನ ಕಾದಂಬರಿಕಾರರ ಕೆಲಸವನ್ನು ನಮ್ಮ ಆಚಾರ್ಯರು ಬಹಳ ಹಿಂದೆಯೇ ಮಾಡಿದ್ದರು. ರಾವಣನಿಗೆ ಹತ್ತು ತಲೆಗಳಿರಲಿಲ್ಲ, ಕೊರಳ ಹಾರದ ಮಣಿಗಳಲ್ಲಿ ಅವನ ಮುಖ ಪ್ರತಿಬಿಂಬಿಸಿದ್ದರಿಂದ ದಶಮುಖನೆಂಬ ಹೆಸರು ಬಂತು, ವಾನರರು ಕಪಿಧ್ವಜವುಳ್ಳ ವಿದ್ಯಾಧರರು ಎಂದು ಹೇಳಿದ ಪರಂಪರೆ ನಮ್ಮದು. 1979ರಲ್ಲಿ 'ಪರ್ವ' ಬಂದಾಗ ಮಹಾಭಾರತದಿಂದ ಪವಾಡಗಳನ್ನು ಕಳಚಿದರೆಂದು ಹಲವರು ಬೆರಗಾದರು. ಜೈನ ರಾಮಾಯಣವನ್ನು ಬಲ್ಲವರಿಗೆ ಆ ದಾರಿ ಹೊಸದಾಗಿ ಕಂಡಿರಲಾರದು.

ಇಷ್ಟು ಹೇಳಿ ಎಲ್ಲ ಕಾದಂಬರಿಗಳಿಗೂ ಬಾಗಿಲು ತೆರೆಯಬಹುದಿತ್ತು. ಆದರೆ ಜನ್ನನು ಅಡ್ಡ ನಿಲ್ಲುತ್ತಾನೆ. 1209ರ ಯಶೋಧರ ಚರಿತೆಯನ್ನು ಓದುಗರು ಬಲ್ಲರು. ತಾಯಿಯ ಒತ್ತಾಯಕ್ಕೆ ಯಶೋಧರನು ಬಲಿಕೊಟ್ಟಿದ್ದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಬೊಂಬೆ, ಬರಿಯ ಕಲ್ಪನೆ. ಆದರೂ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಾಗಿ, ಮತ್ತೆ ಮತ್ತೆ ತಿರ್ಯಂಚ ಜನ್ಮಗಳಲ್ಲಿ ತೊಳಲಿದರು. ಸಂಕಲ್ಪಹಿಂಸೆಯೂ ಹಿಂಸೆಯೇ. ಹಾಗಿರುವಾಗ ಕಾದಂಬರಿಯ ಪುಟಗಳಲ್ಲಿ ಕೊಚ್ಚಿಹಾಕುವ ತಲೆಗಳು ಕಾಗದದವು ಮಾತ್ರ ಎಂಬ ಸಮಾಧಾನ ಜೈನನಿಗೆ ಇಲ್ಲ. ಕೊಲ್ಲುವ ಹೊತ್ತಿನಲ್ಲಿ ಓದುಗನ ಮನಸ್ಸು ಹಿಗ್ಗಿತೇ, ಕುಗ್ಗಿತೇ ಎಂದು ಕೇಳಲೇಬೇಕು. ಈ ಪ್ರಶ್ನೆಯನ್ನು ಬಿಟ್ಟು ಕಾದಂಬರಿಯ ಪರವಾಗಿ ವಾದಿಸುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್ನು ಓಡಿಹೋಗುವ ಮಾತು. ನಮ್ಮ ಸೀಮೆಯ ದೈನಂದಿನ ಬದುಕು ಹಗುರವಾದುದಲ್ಲ. ನಾರಾಯಣಪುರದ ಕಾಲುವೆಯ ನೀರು ಹರಿಯುವ ಶಹಾಪುರ, ಸುರಪುರಗಳ ಹೊಲಗಳನ್ನು ಬಿಟ್ಟರೆ ಉಳಿದೆಡೆ ಮಳೆಯನ್ನು ನಂಬಿದ ತೊಗರಿ, ಹತ್ತಿ, ಮಳೆ ಕೈಕೊಟ್ಟರೆ ಯಾದಗಿರಿ ನಿಲ್ದಾಣದಿಂದ ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗುವ ಕುಟುಂಬಗಳು, ವೈಶಾಖದ ಬಿಸಿಲು. ಇಂಥಲ್ಲಿ ಕಥೆಯ ನೆರಳು ಯಾರಿಗೆ ಬೇಡ? ಇಂಗ್ಲೆಂಡಿನ ಟೋಲ್ಕಿನ್ ಎಂಬ ಪ್ರಾಧ್ಯಾಪಕರು 1939ರ ಉಪನ್ಯಾಸವೊಂದರಲ್ಲಿ ಅದ್ಭುತ ಕಥೆಗಳ ವಿಚಾರವಾಗಿ ಮಾತನಾಡಿ, ಸೆರೆಯಾಳು ತಪ್ಪಿಸಿಕೊಳ್ಳುವುದನ್ನೂ ಸೈನಿಕನು ರಣರಂಗ ಬಿಟ್ಟು ಓಡುವುದನ್ನೂ ಒಂದೇ ಎಂದು ಭಾವಿಸಬಾರದೆಂದರು. ಮಾತು ಚೆನ್ನಾಗಿದೆ. ಆದರೆ ಸೆರೆಯೂ ರಣವೂ ಒಂದೇ ಮನೆಯಲ್ಲಿದ್ದಾಗ?

ಸುರಪುರದಲ್ಲಿ ನನ್ನ ಅತ್ತಿಗೆ ಇದ್ದಾರೆ. ನಮ್ಮ ಕಡೆಯ ರೂಢಿಯಂತೆ ನಾವು ವೈನಿ ಎನ್ನುತ್ತೇವೆ. ಅಣ್ಣನಿಗೆ ಲಕ್ವಾ ಹೊಡೆದು ಎಂಟು ವರ್ಷಗಳಾದವು. ಹಗಲು ಬಟ್ಟೆಯ ಅಂಗಡಿ, ರಾತ್ರಿ ರೋಗಿಯ ಮಂಚ. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಆ ಮನೆಗೆ ಹೋದವರೆಲ್ಲ ಮಂಚದ ಬಳಿಯ ಕಾದಂಬರಿಯನ್ನು ಕಂಡು ಹುಬ್ಬೇರಿಸುತ್ತಿದ್ದರು. ಗಂಡ ಹೀಗೆ ಮಲಗಿರುವಾಗ ಇವರಿಗೆ ನಹುಷನ ಇಂದ್ರಪದವಿಯ ಕಥೆ ಏಕೆ, ಒಂದು ಸಾಮಾಯಿಕ ಮಾಡಬಾರದೆ ಎಂದು ಬಂಧುಗಳು ಆಡಿಕೊಂಡದ್ದೂ ಉಂಟು. ಪೆಟ್ಟಿಗೆಯ ಪುಸ್ತಕಗಳ ನೆಪದಿಂದ ಅವರನ್ನೇ ಕೇಳಿದೆ. "ತಮ್ಮಾ, ಸಾಮಾಯಿಕ ಮುಂಜಾನೆ ಸಂಜಿಗೆ ಮಾಡೇ ಮಾಡ್ತೀನಿ. ರಾತ್ರಿ ಸುಮ್ನ ಕುಂತರ ಕಣ್ಣು ಹತ್ತತಾವ, ಅವರನ್ನ ಹೊರಳಿಸೋದು ತಪ್ಪತದ. ಕಥಿ ಹಿಡಿದ್ರ ಕಣ್ಣು ಹತ್ತಂಗಿಲ್ಲ" ಎಂದರು. ಸ್ವಲ್ಪ ತಡೆದು, "ಮತ್ತ ನಂದೂ ಒಂದು ಜೀವ ಅಲ್ಲೇನು?" ಎಂದರು. ಆ ಎರಡನೆಯ ಮಾತಿಗೆ ಯಾವ ಶ್ರಾವಕಾಚಾರದ ಪುಟವನ್ನೂ ನಾನು ತೆರೆಯಲಿಲ್ಲ. ಎಂಟು ವರ್ಷಗಳಲ್ಲಿ ಅಣ್ಣನ ಬೆನ್ನಿಗೆ ಒಂದು ಹುಣ್ಣೂ ಆಗಿಲ್ಲ.

ಶಹಾಪುರದ ಪರಿಚಿತರೊಬ್ಬರ ಮಗನ ಸ್ಥಿತಿ ಬೇರೆ. ಅವನು ಇಂಥವೇ ಕಥೆಗಳನ್ನು ಕಂತುಕಂತಾಗಿ ಮೊಬೈಲಿನಲ್ಲಿ ಓದುತ್ತಾನೆ, ಕಂತಿಗಿಷ್ಟು ಎಂದು ಹಣ ತೆರುತ್ತಾನೆ; ಅಂಗಡಿಗೆ ಬಂದ ಗಿರಾಕಿ ಕಾದು ಕಾದು ಮರಳುತ್ತಾನೆ. ಅದು ಪ್ರಮಾದಚರ್ಯೆ, ಹೆಚ್ಚು ಹೇಳಬೇಕಾದ್ದಿಲ್ಲ.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಇದೆಯಷ್ಟೆ. 1841ರಿಂದ 1853ರವರೆಗೆ ಇಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಸ್ವತಃ ಕಾದಂಬರಿಕಾರ. ಬಾಲರಾಜ ವೆಂಕಟಪ್ಪ ನಾಯಕನು ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನಂತೆ. ಆ ರಾಜನು 1858ರ ಬಂಡಾಯದಲ್ಲಿ ಸೆರೆಯಾಗಿ ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡನು. ವೈನಿಗೆ ಈ ಕಥೆಯನ್ನು ಓದಲು ಕೊಟ್ಟಾಗ ಅರ್ಧಕ್ಕೆ ನಿಲ್ಲಿಸಿ ಹಿಂದಿರುಗಿಸಿದರು. ಇದು ನಮ್ಮೂರಿನದು, ನಿಜವಾಗಿ ನಡೆದದ್ದು, ರಾತ್ರಿಯ ಹೊತ್ತು ತಡೆಯಲಾಗುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ.

ವಿಶ್ವಸ್ಥರ ಸಭೆಯಲ್ಲಿ ನಾನು ಎರಡು ಬಗೆಯ ಪುಸ್ತಕಗಳನ್ನು ಮಾತ್ರ ತೆಗೆದಿರಿಸಿದೆ: ಕೊಲ್ಲುವುದನ್ನೇ ರುಚಿಯಾಗಿ ಬಡಿಸುವಂಥವು, ಮಾಟ-ಮಂತ್ರಗಳನ್ನು ನಿಜವಾದ ಪರಿಹಾರವೆಂದು ನಂಬಿಸುವಂಥವು. ಉಳಿದವುಗಳಿಗೆ ಶಾಸ್ತ್ರಗ್ರಂಥಗಳಿಂದ ಬೇರೆಯಾದ ಒಂದು ಕಪಾಟು ಆಗಬೇಕೆಂದು ಕೇಳಿದೆ. ದುಃಶ್ರುತಿಯ ಮಾತೆತ್ತಿದ ಹಿರಿಯರು ಪೂರ್ಣವಾಗಿ ಒಪ್ಪಲಿಲ್ಲ, ಆದರೆ ಕಪಾಟಿಗೆ ಅಡ್ಡಿಯನ್ನೂ ಮಾಡಲಿಲ್ಲ. ಹದಿನೈದು ದಿನಗಳಲ್ಲಿ ಪುಸ್ತಕ ಹಿಂದಿರುಗಿಸಬೇಕೆಂಬ ನಿಯಮವನ್ನು ರೋಗಿಗಳ ಶುಶ್ರೂಷೆಯಲ್ಲಿರುವ ಮನೆಗಳಿಗೆ ಅನ್ವಯಿಸಬಾರದು ಎಂಬ ಸೂಚನೆ ಬಂದದ್ದು ಅವರಿಂದಲೇ.