ಮಲ್ಪೆಯ ಕಡಲಿನಲ್ಲಿ ಇಟ್ಟಂಗಿಹಾಳದವರು

ಬಯಲುಸೀಮೆಯ ಒಕ್ಕಲು ಮನೆತನಗಳಲ್ಲಿ ಈಸುವುದನ್ನು ಯಾರೂ ಒಂದು ವಿದ್ಯೆಯೆಂದು ಎಣಿಸುತ್ತಿರಲಿಲ್ಲ. ಹುಡುಗನಿಗೆ ಎಂಟು ಹತ್ತು ವರ್ಷ ತುಂಬಿತೆಂದರೆ ಬೆನ್ನಿಗೆ ಒಣಗಿದ ಕುಂಬಳಕಾಯಿಯನ್ನೋ ಬೆಂಡಿನ ಕಟ್ಟನ್ನೋ, ಆಮೇಲಿನ ಕಾಲದಲ್ಲಿ ಎಣ್ಣೆಯ ಖಾಲಿ ಡಬ್ಬಿಯನ್ನೋ ಬಿಗಿದು ಹೊಲದ ಬಾವಿಗೆ ನೂಕುತ್ತಿದ್ದರು. ನಾಲ್ಕು ದಿನ ನೀರು ಕುಡಿದು, ಐದನೆಯ ದಿನ ಆತ ತಾನಾಗಿಯೇ ಮೆಟ್ಟಿಲಿನ ಮೇಲಿಂದ ಹಾರುತ್ತಿದ್ದ. ಹೆಣ್ಣುಮಕ್ಕಳಿಗೆ ಆ ಭಾಗ್ಯವಿರಲಿಲ್ಲ. ಅವರ ಪಾಲಿಗೆ ಬಾವಿಯೆಂದರೆ ಕೊಡ ಮತ್ತು ಹಗ್ಗ. ಮುಂದೆ ಕೊಳವೆಬಾವಿಗಳು ಬಂದವು. ತೆರೆದ ಬಾವಿಗಳು ಬತ್ತಿ, ಕಸ ತುಂಬಿ, ಹಾಳು ಬಿದ್ದವು. ಅದರೊಂದಿಗೆ ಈಸು ಬಲ್ಲ ಹುಡುಗರ ಪೀಳಿಗೆಯೂ ಮುಗಿಯಿತು. ಇದನ್ನು ನಾವಾರೂ ಗಮನಿಸಿರಲಿಲ್ಲ. ಗಮನಕ್ಕೆ ಬಂದದ್ದು ನಮ್ಮೂರಿಂದ ಬಹು ದೂರ, ಮಲ್ಪೆಯ ಕಡಲಿನಲ್ಲಿ.

ವಿಜಯಪುರ ನಗರಕ್ಕೆ ಸಮೀಪದ ಇಟ್ಟಂಗಿಹಾಳದಿಂದ ನಾವು ಮೂರು ಮನೆಯವರು, ಹಿರಿಯರು ಕಿರಿಯರು ಸೇರಿ ಹನ್ನೊಂದು ಜನ, ಕಳೆದ ಸಂಕ್ರಮಣದ ಮರುವಾರ ಉಡುಪಿಗೆ ಹೊರಟೆವು. ಅಲ್ಲಿ ನೌಕರಿಯಲ್ಲಿರುವ ನಮ್ಮ ಅಳಿಯಂದಿರು ಎರಡು ವರ್ಷಗಳಿಂದ ಕರೆಯುತ್ತಲೇ ಇದ್ದರು. ದ್ರಾಕ್ಷಿಯ ಕಟಾವಿಗೆ ಇನ್ನೂ ಸಮಯವಿತ್ತು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರಿನ ಬುತ್ತಿ ಕಟ್ಟಿಕೊಂಡು, ಬಾಡಿಗೆಯ ಗಾಡಿಯಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಘಟ್ಟವಿಳಿದೆವು. ಎಪ್ಪತ್ತೆಂಟರ ಪ್ರಾಯದ ನಮ್ಮ ಆಯಿಯವರು, ಎಪ್ಪತ್ತು ದಾಟಿದ ಕಾಕಾರವರು, ಸೊಸೆಯಂದಿರು, ಪದವಿ ಓದುತ್ತಿರುವ ಮೊಮ್ಮಗಳು, ಮೂವರು ಹುಡುಗರು ಜೊತೆಯಲ್ಲಿದ್ದರು.

ಕಿರಿಯ ಸೊಸೆಯ ವಿಷಯವನ್ನು ಇಲ್ಲಿಯೇ ಹೇಳಬೇಕು. ಮೂರು ವರ್ಷದ ಹಿಂದೆ ಅವಳ ತವರಿನಲ್ಲಿ, ಅಣ್ಣನ ಮಗ, ಹತ್ತು ವರ್ಷದ ಬಾಲಕ, ದ್ರಾಕ್ಷಿ ತೋಟದ ಕೃಷಿಹೊಂಡದಲ್ಲಿ ಕಾಲು ಜಾರಿ ತೀರಿಹೋದ. ಅಂದಿನಿಂದ ಅವಳು ತನ್ನ ಒಂಬತ್ತು ವರ್ಷದ ಮಗನನ್ನು ನೀರಿನ ಹತ್ತಿರ ಸುಳಿಯಗೊಟ್ಟವಳಲ್ಲ. ಪ್ರವಾಸಕ್ಕೆ ಒಪ್ಪಿದ್ದೂ ಒಂದು ಕರಾರಿನ ಮೇಲೆ: “ಎಲ್ಲಾರೂ ಹೋಗ್ರಿ, ನನ್ನ ಮಗ ಮಾತ್ರ ದಂಡಿ ಮ್ಯಾಲ ಇರ್ಲಿ.”

ಮಲ್ಪೆ ಕರ್ನಾಟಕದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲೊಂದು. ಸಾಲುಸಾಲಾಗಿ ನಿಂತ ದೋಣಿಗಳ ಹಿಂದೆ ಕಡಲು ಕಂಡಾಗ ಆಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: “ಎಪ್ಪತ್ತೆರಡರ ಬರದಾಗ ಒಂದು ಕೊಡಕ್ಕ ಒಂದು ಹರದಾರಿ ನಡದೇವಿ. ಇದೆಲ್ಲ ಇಲ್ಲೇ ಕುಂತಿತ್ತಲ್ಲ!” ಆ ನೀರು ಉಪ್ಪೆಂದು ಮೊಮ್ಮಕ್ಕಳು ತಿಳಿಸಿದಾಗಲೂ ಅವರ ಮುನಿಸು ಇಳಿಯಲಿಲ್ಲ.

ದಂಡೆಯಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಸೇಂಟ್ ಮೇರಿಸ್ ದ್ವೀಪಗಳಿವೆ. ಸ್ಥಳೀಯರು ತೋನ್ಸೆಪಾರ್ ಎನ್ನುತ್ತಾರೆ. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ಆ ತಿಂಗಳುಗಳಲ್ಲಿ ಅಲ್ಲಿಗೆ ದೋಣಿಗಳಿರುವುದಿಲ್ಲ. ನೂರಾರು ಜನರನ್ನು ಒಯ್ಯುವ ದೊಡ್ಡ ದೋಣಿ ನಿಧಾನದ್ದು. ನಾವು ಎರಡು ಸ್ಪೀಡ್ ಬೋಟುಗಳನ್ನು ಗೊತ್ತುಮಾಡಿದೆವು. ಹತ್ತುವ ಮುಂಚೆ ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ ಪಟ್ಟಿ ಬಿಗಿದರು. ಕೊರಳಲ್ಲಿರುವುದನ್ನೆಲ್ಲ ಬಿಚ್ಚಿ ಚೀಲದಲ್ಲಿಡುವುದು ಒಳ್ಳೆಯದೆಂದು ದೋಣಿಯ ಹುಡುಗ ವಿನಯದಿಂದಲೇ ಹೇಳಿದ. ಆಯಿಯವರು ಎದೆಯ ಮೇಲಿನ ಲಿಂಗವಸ್ತ್ರವನ್ನು ಮುಟ್ಟಿಕೊಂಡು, “ಇದು ಸಾಮಾನಲ್ಲಪಾ, ಬಿಚ್ಚಿ ಇಡಾಕ” ಎಂದರು. ಆತನಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದ. ಆಯಿಯವರು ವಸ್ತ್ರವನ್ನು ಎರಡು ಸುತ್ತು ಹೆಚ್ಚು ಬಿಗಿದು, ಸೆರಗನ್ನು ಹೊದ್ದು, ಅದರ ಮೇಲೆ ಜಾಕೆಟ್ ಕಟ್ಟಿಸಿಕೊಂಡರು. ನಮ್ಮ ಹುಡುಗರೂ ಅದನ್ನು ನೋಡಿ ಹಾಗೆಯೇ ಮಾಡಿಕೊಂಡರು. ಮನೆಯಲ್ಲಿ ಎಷ್ಟು ಸಲ ಹೇಳಿದರೂ ಶಿವದಾರದ ಗಂಟು ನೋಡಿಕೊಳ್ಳದವರು ಅಂದು ತಾವಾಗಿಯೇ ನೋಡಿಕೊಂಡರು.

ದೋಣಿ ಅಳಿವೆ ದಾಟಿ ವೇಗ ಹಿಡಿದ ಮೇಲೆ ಮುಂಭಾಗ ಮೇಲೆದ್ದು ಅಲೆಗಳ ಮೇಲೆ ಧಡಧಡನೆ ಕುಟ್ಟತೊಡಗಿತು. ನೇಗಿಲ ಸಾಲುಗಳ ಮೇಲೆ ಅಡ್ಡಡ್ಡಲಾಗಿ ಟ್ರ್ಯಾಕ್ಟರು ಓಡಿಸಿದಂತೆ ಎಂದರು ಕಾಕಾ. ಹದಿನೈದು ನಿಮಿಷದಲ್ಲಿ ದ್ವೀಪ ಬಂದಿತು. ಕಿರಿಯ ಸೊಸೆ ಕೊನೆಗೆ ಮಗನೊಂದಿಗೆ ದೋಣಿಯೇರಿದ್ದಳು. ದಂಡೆಯಲ್ಲಿ ಒಂಟಿಯಾಗಿ ಉಳಿಯುವ ಭಯ ನೀರಿನ ಭಯವನ್ನು ಗೆದ್ದಿತ್ತೆಂದು ತೋರುತ್ತದೆ. ಮಗನ ರಟ್ಟೆ ಹಿಡಿದ ಅವಳ ಕೈ ದಾರಿಯುದ್ದಕ್ಕೂ ಸಡಿಲಲಿಲ್ಲ.

ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ಅರ್ಧ ಕಿಲೋಮೀಟರಿನಷ್ಟು ಉದ್ದ, ಅಗಲ ಬಲು ಕಡಿಮೆ. ಅಲ್ಲಿ ಎಲ್ಲಿ ನೋಡಿದರೂ ಕಲ್ಲಿನ ಕಂಬಗಳು: ಐದು ಮೂಲೆ, ಆರು ಮೂಲೆ, ಕೆಲವು ಮೂರು ಆಳಿನೆತ್ತರ, ಉಳಿ ಹಿಡಿದು ಕಡೆದು ಒತ್ತೊತ್ತಾಗಿ ನಿಲ್ಲಿಸಿದಂತಿವೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಶಿಲಾರಸ ತಣಿಯುತ್ತ ಕುಗ್ಗಿ, ಬಿರಿದು, ಹೀಗೆ ಕಂಬಗಳಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಮೊಮ್ಮಗಳು ಇದನ್ನೆಲ್ಲ ವಿವರಿಸುತ್ತಿರುವಾಗ ಕಾಕಾರವರು ಒಂದು ಕಂಬದ ತಲೆಯ ಮೇಲೆ ಕೈಯಾಡಿಸಿ, “ಬ್ಯಾಸಿಗ್ಯಾಗ ನಮ್ಮ ಎರಿ ಹೊಲ ಬಿರಿತದಲ್ಲ, ಹಾಂಗಽ ಐತಿ” ಎಂದರು. ಅದಕ್ಕಿಂತ ಸರಳವಾದ ವಿವರಣೆಯನ್ನು ನಾವು ಕೇಳಿಲ್ಲ. ಎರೆಮಣ್ಣು ಒಣಗಿ ಕುಗ್ಗುವಾಗ ಮೂಲೆ ಮೂಲೆಯಾಗಿ ಬಿರಿಯುವುದೂ ಈ ಕಲ್ಲು ಬಿರಿದದ್ದೂ ಒಂದೇ ರೀತಿ. ನಮ್ಮ ಎರೆಯ ತಳದಲ್ಲಿರುವ ಕರಿಕಲ್ಲು, ಗೋಳಗುಮ್ಮಟವನ್ನು ಕಟ್ಟಿದ ಕರಿಕಲ್ಲು, ಅದೂ ಶಿಲಾರಸವೇ. ಆದರೆ 6 ಕೋಟಿ 60 ಲಕ್ಷ ವರ್ಷಗಳಷ್ಟು ಹಿಂದಿನದು, ಇದಕ್ಕಿಂತ ಕಿರಿಯದು.

1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿ ಮಾತೆಯ ಹೆಸರಿಟ್ಟನೆಂಬ ಪ್ರತೀತಿಯಿದೆ. ನಮಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಸಮೀಪದ ಇನ್ನೊಂದು ದ್ವೀಪ, ದರಿಯಾ ಬಹಾದ್ದೂರ್‌ಗಡ. ಅಲ್ಲಿ ಬಿದನೂರಿನ ಬಸಪ್ಪ ನಾಯಕ ಕೋಟೆ ಕಟ್ಟಿಸಿದನೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಮಲೆನಾಡಿನ ಕೆಳದಿಯಿಂದ ಹೊರಟ ವೀರಶೈವ ಅರಸುಮನೆತನ ಕಡಲ ನಡುವೆ ಕಲ್ಲು ಹೊತ್ತು ಕೋಟೆ ಇಕ್ಕಿತೆಂದರೆ ಅವರಿಗೆ ನೀರಿನ ಅಂಜಿಕೆ ಇದ್ದಿರಲಾರದು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದುಕೊಳ್ಳುವವರೆಗೆ ಕರಾವಳಿಯ ಬಂದರುಗಳ ಅಕ್ಕಿ, ಮೆಣಸಿನ ವ್ಯಾಪಾರ ಅವರ ಬೊಕ್ಕಸದ ಬೆನ್ನೆಲುಬಾಗಿತ್ತು.

ಇನ್ನು ಈಸಿನ ಸಂಗತಿ. ಕಲ್ಲುಗಳ ಮಧ್ಯೆ ಚಿಪ್ಪುಗಳೇ ತುಂಬಿದ ಸಣ್ಣ ದಂಡೆಯಿದೆ. ನೀರಿಗಿಳಿಯಬಹುದಾದ ಜಾಗಕ್ಕೆ ಹಗ್ಗ ಕಟ್ಟಿದ್ದರು; ಸೀಟಿ ಹಿಡಿದ ಜೀವರಕ್ಷಕ ನಿಂತಿದ್ದ. ಬೇರೆಡೆ ಪಾಚಿಗಟ್ಟಿದ ಕಲ್ಲು, ಕಾಲು ಕೊಯ್ಯುವ ಚಿಪ್ಪು, ಒಳಗೆಳೆಯುವ ಸೆಳೆತ. ಮೊಮ್ಮಗಳು ನಗರದ ಈಜುಕೊಳದಲ್ಲಿ ಕಲಿತವಳು, ನಿರ್ಭಯವಾಗಿ ಇಳಿದಳು. ಹಿಂದೆಯೇ ನಮ್ಮ ಮೂವತ್ತು, ನಲವತ್ತು ವಯಸ್ಸಿನ ಗಂಡುಮಕ್ಕಳು ಮೊಣಕಾಲವರೆಗೆ ಹೋಗಿ ನಿಂತುಬಿಟ್ಟರು. ಒಬ್ಬರಿಗೂ ಈಸು ಬಾರದು. ಹದಿನಾಲ್ಕು, ಹನ್ನೆರಡರ ಹುಡುಗರಿಗಂತೂ ಕೇಳುವುದೇ ಬೇಡ. ಆ ಹನ್ನೊಂದು ಜನರಲ್ಲಿ ನೀರು ಬಲ್ಲವರು ಇಬ್ಬರೇ: ಬಾವಿಯಲ್ಲಿ ಕಲಿತ ಕಾಕಾ, ಶುಲ್ಕ ಕೊಟ್ಟು ಕಲಿತ ಮೊಮ್ಮಗಳು. ನಡುವಿನ ಪೀಳಿಗೆ ಪೂರ್ತಿ ಒಣಗಿತ್ತು.

ಕಾಕಾರವರು ಧೋತರದ ಕಚ್ಚೆ ಬಿಗಿದು ಹಗ್ಗದ ತನಕ ಹೋಗಿ ಬಂದು, ಬೆನ್ನ ಮೇಲೆ ಮಲಗಿ, ಆಕಾಶ ನೋಡುತ್ತ ತೇಲಿದರು. ಆಯಿಯವರು ಕಲ್ಲಿನ ಮೇಲೆ ಕುಳಿತು ಕಾಲು ಇಳಿಬಿಟ್ಟಿದ್ದರು. ಕಿರಿಯ ಸೊಸೆಯ ಮಗ ಎಷ್ಟು ಹೊತ್ತು ನೋಡಿಯಾನು? ತಾಯಿಯ ಕೈಯೊಳಗಿನಿಂದಲೇ ಕೇಳಿದ: “ಮುತ್ಯಾ, ನಂಗೂ ಬರ್ತದೇನು?” ಅವರು ಉತ್ತರ ಕೊಡದೆ ಸೊಸೆಯ ಮುಖ ನೋಡಿದರು. ಅವಳು ಸುಮ್ಮನಿದ್ದಳು. ಆಯಿಯವರೇ ಬಾಯಿ ತೆರೆದರು: “ಹೊಂಡ ನಮ್ಮ ಮನಿ ಮುಂದಽ ಐತೆವ್ವಾ. ಎಷ್ಟು ದಿನ ಕೈ ಹಿಡಕೊಂಡು ಅಡ್ಡ್ಯಾಡತಿ?”

ಬಹಳ ಹೊತ್ತಿನ ಮೇಲೆ ಅವಳು ಕೈ ಬಿಟ್ಟಳು. ಜೊತೆಗೆ ತಾನೂ ಪತ್ತಲದ ನೆರಿಗೆ ಎತ್ತಿ ಕಟ್ಟಿ ಸೊಂಟದವರೆಗಿನ ನೀರಿಗೆ ಬಂದು ನಿಂತಳು. ಕಾಕಾ ಹುಡುಗನ ಜಾಕೆಟ್ ತೆಗೆಯಿಸದೆ, ಹೊಟ್ಟೆಯ ಕೆಳಗೆ ಎರಡೂ ಅಂಗೈ ಕೊಟ್ಟು, “ಮೊದಲ ನೀರಿನ ಮ್ಯಾಲ ಮಲಗೂದು ಕಲಿ, ಕೈಕಾಲು ಬಡಿಯೂದು ಆಮ್ಯಾಲ” ಎನ್ನುತ್ತ ಅರ್ಧ ಗಂಟೆ ತೇಲಿಸಿದರು. ಹುಡುಗ ನಕ್ಕ; ತಾಯಿ ಅಳುತ್ತಿದ್ದಳು. ಉಪ್ಪುನೀರಿನಲ್ಲಿ ಅದು ಬೇರೆಯವರಿಗೆ ತಿಳಿಯುವಂತಿರಲಿಲ್ಲ. “ಹೊಂಡದಾಗೂ ಇವಗ ಹಿಂಗ ತೇಲಾಕ ಬರ್ತದೇನ್ರಿ ಮಾವಾ?” ಎಂದು ಕೇಳಿದಳು. ಕಾಕಾ ಸುಳ್ಳು ಸಮಾಧಾನ ಹೇಳುವವರಲ್ಲ. “ಉಪ್ಪುನೀರು ಎತ್ತಿ ಹಿಡಿತದವ್ವಾ, ಸೀನೀರು ಅಷ್ಟು ಹಿಡಿಯೂದಿಲ್ಲ. ಅಲ್ಲಿ ಬ್ಯಾರೆ ಕಲಿಬೇಕು.”

ಹನ್ನೊಂದರ ಸುಮಾರಿಗೆ ದೋಣಿ ನಮ್ಮನ್ನು ಮರಳಿ ಮಲ್ಪೆಗೆ ತಂದುಬಿಟ್ಟಿತು. ಬಟ್ಟೆ ಬದಲಿಸಿ, ಅಳಿಯಂದಿರ ಸಲಹೆಯಂತೆ ಉತ್ತರಕ್ಕೆ ಬಾರ್ಕೂರಿಗೆ ಹೋದೆವು. ಸೀತಾನದಿಯ ಬದಿಯ ಈ ಹಳೆಯ ಪಟ್ಟಣ ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿ. ವಿಜಯನಗರದ ಆಳ್ವಿಕೆಯಲ್ಲಿ ಬಾರಕೂರು ರಾಜ್ಯದ ಕೇಂದ್ರ. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಯಾತ್ರಿಕ ಇಬ್ನ್ ಬತೂತ ಇದನ್ನು ಫಾಕನೂರ್ ಎಂದು ಕರೆದಿದ್ದಾನೆ. ದಿನಕ್ಕೊಂದರಂತೆ ವರ್ಷಕ್ಕೆ 365 ದೇವಾಲಯಗಳಿದ್ದವೆಂದು ಊರವರು ಹೇಳುತ್ತಾರೆ. ಕೋಟೆಕೇರಿ, ಚೌಳಿಕೇರಿ, ಮೂಡುಕೇರಿ ಎಂದು ಕೇರಿಗಳ ಹೆಸರಿನಲ್ಲಿಯೇ ಪಟ್ಟಣದ ವಿಸ್ತಾರ ಉಳಿದಿದೆ. ನಡುವೆ ಈಗ ತೆಂಗು, ಗದ್ದೆ, ಮೌನ. ಕತ್ತಲೆ ಬಸದಿಯ ಕಲ್ಲುಕಂಬಗಳನ್ನೂ ಪಂಚಲಿಂಗೇಶ್ವರ ದೇವಾಲಯದ ಇಳಿಜಾರು ಮಾಡನ್ನೂ ನೋಡಿದೆವು. ಸಿಡಿಲು, ಮಳೆಯ ನಾಡಿನ ಗುಡಿಗಳು ನಮ್ಮ ಕಡೆಯ ಗುಡಿಗಳಂತೆ ಮೇಲ್ಛಾವಣಿಯನ್ನು ಬಯಲಿಗೆ ಬಿಡಲಾರವು.

ಅಲ್ಲಿ ಒಂದು ಗುಡಿಯ ಬದಿಗೆ ಕಲ್ಲು ಕಟ್ಟಿದ ಕೆರೆಯಿತ್ತು. ಸುತ್ತಲೂ ಮೆಟ್ಟಿಲು. ಇಬ್ಬರು ಬಾಲಕರು ಈಸುತ್ತಿದ್ದರು. ಕಿರಿಯ ಸೊಸೆ ಗುಡಿಯನ್ನು ಬಿಟ್ಟು ಆ ಮೆಟ್ಟಿಲುಗಳನ್ನೇ ನೋಡುತ್ತ ನಿಂತಳು. “ಇಲ್ಲಿ ಬಿದ್ದಾವ ಎಲ್ಲಿ ಬೇಕಾದಲ್ಲಿ ಹತ್ತಿ ಬರಬಹುದು” ಎಂದಳು. ಅವಳ ಮಾತು ನಮ್ಮನ್ನು ತಡೆದು ನಿಲ್ಲಿಸಿತು. ನೀರನ್ನು ಕಟ್ಟಿದ ಹಿಂದಿನವರು ಹತ್ತಿ ಬರುವ ದಾರಿಯನ್ನೂ ಕಟ್ಟಿದ್ದರು. ನಮ್ಮ ವಿಜಯಪುರದಲ್ಲಿಯೇ 1620ರ ತಾಜ್ ಬಾವಡಿಯಿದೆ. ಎಷ್ಟು ಅಗಲದ ಮೆಟ್ಟಿಲುಗಳು ನೀರಿಗಿಳಿಯುತ್ತವೆಂದು ಬಲ್ಲವರೇ ಬಲ್ಲರು. ಇಂದು ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ನಾವು ತೋಡಿಸಿರುವ ಹೊಂಡಗಳಿಗೆ ನಾಲ್ಕೂ ಕಡೆ ಇಳಿಜಾರು, ಮೇಲೆ ಕರಿಯ ಪ್ಲಾಸ್ಟಿಕ್ ಹಾಳೆ. ಎರಡಾಳು, ಮೂರಾಳು ನೀರು. ಒದ್ದೆಯಾದ ಆ ಹಾಳೆಯ ಮೇಲೆ ಬೆಕ್ಕೂ ಹತ್ತಲಾರದು. ಈಸು ಬಲ್ಲವನೂ ದಣಿದು ಮುಳುಗುತ್ತಾನೆ. ಎತ್ತಲು ಹೋದವನೂ ಜಾರುತ್ತಾನೆ. ಒಂದೇ ಮನೆಯ ಇಬ್ಬರು ಮೂವರು ಹೋಗುವುದು ಹೀಗೆಯೇ.

ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ನಮ್ಮ ಸೀಮೆಯ ಕಾಲುವೆ, ಕೆರೆಗಳಿಗೆ ಬಂದಿದೆ. ತಲೆಮಾರುಗಳ ಹರಕೆ ಅದು. ಆದರೆ ನೀರು ಬಂದ ಮನೆಗಳಲ್ಲಿ ನೀರು ಬಲ್ಲವರಿಲ್ಲ.

ಊರಿಗೆ ಮರಳಿದ ವಾರದಲ್ಲಿ ಮೊದಲು ಹೊಂಡದ ಕೆಲಸ ಹಿಡಿದೆವು. ಸುತ್ತ ತಂತಿಯ ಬೇಲಿ, ಬೀಗವಿರುವ ಬಾಗಿಲು. ನಾಲ್ಕು ಮೂಲೆಗೂ ಗೂಟ ಜಡಿದು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗಗಳನ್ನು ತಳದವರೆಗೆ ಇಳಿಬಿಟ್ಟೆವು. ಗಾಳಿ ತುಂಬಿದ ಹಳೆಯ ಟ್ಯೂಬುಗಳೆರಡನ್ನು ನೀರಿನ ಮೇಲೆ ಕಟ್ಟಿದೆವು. ಯಾರಾದರೂ ಬಿದ್ದರೆ ಹಿಂದೆ ಹಾರದೆ ಹಗ್ಗವನ್ನೋ ಪತ್ತಲವನ್ನೋ ಎಸೆಯಬೇಕೆಂದು ಮನೆಯ ಆಳುಕಾಳುಗಳಿಗೆಲ್ಲ ಕಾಕಾರವರು ಎಸೆದು ತೋರಿಸಿದರು. ಹೊಂಡದಲ್ಲಿ ಈಸು ಕಲಿಸುವ ಮಾತನ್ನು ಮಾತ್ರ ಅವರು ಒಪ್ಪಲಿಲ್ಲ.

ಕಾಕಾರವರ ಪಾಲಿನ ಹೊಲದಲ್ಲಿ ಮೆಟ್ಟಿಲಬಾವಿಯೊಂದು ಇಪ್ಪತ್ತು ವರ್ಷ ಬತ್ತಿ ಬಿದ್ದಿತ್ತು. ಕೆರೆ ತುಂಬಿಸಲಾರಂಭಿಸಿದ ಮೇಲೆ ಅದರಲ್ಲಿ ಮೆಲ್ಲನೆ ನೀರು ಏರುತ್ತಿತ್ತು. ಜಾಲಿಯ ಕಂಟಿ ಕಡಿದು, ಹೂಳೆತ್ತಿಸಿ, ಮೆಟ್ಟಿಲುಗಳ ಪಾಚಿ ಕೆರೆಯಿಸಿದೆವು. ಯುಗಾದಿಯಿಂದ ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಮೂವರು ಹುಡುಗರು, ನೆರೆಮನೆಯ ಇಬ್ಬರು ಹುಡುಗಿಯರು ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಇಳಿಯುತ್ತಾರೆ. ಕಿರಿಯ ಸೊಸೆ ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡು ಮೂರನೆಯ ಮೆಟ್ಟಿಲಿನ ಮೇಲೆ ನಿಂತಿರುತ್ತಾಳೆ. ಮೊನ್ನೆ ಮೊಮ್ಮಗಳು ರಜೆಗೆ ಬಂದಾಗ, ಮಗನ ಡಬ್ಬಿಯನ್ನು ಬಿಚ್ಚಿಸಿ ತನ್ನ ಬೆನ್ನಿಗೆ ಕಟ್ಟಿಸಿಕೊಂಡಳಂತೆ.